ಹತ್ತುವ ಮೊದಲು ಕಾಲು ಮುಟ್ಟಿ ನೋಡಿ

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಕುದುರೆ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಂದು ವಿನಂತಿ.

ಕಳೆದ ದೀಪಾವಳಿಗೆ ನಮ್ಮ ಅಕ್ಕನ ಮಗ ಪುಣೆ ಕಡೆಯಿಂದ ಒಂದು ಕುದುರೆ ತಂದ. ರೇಸಿನಲ್ಲಿ ಓಡಿ ಬಿಟ್ಟದ್ದು, ಏಳು ವರ್ಷದ ಹೆಣ್ಣು. ಹೆದ್ದಾರಿ ಸಂಕೇಶ್ವರದ ಮೇಲೆಯೇ ಹಾಯುತ್ತದಲ್ಲ, ರಾತ್ರಿ ಹೊರಟ ಟೆಂಪೋ ಬೆಳಗಾಗುವುದರೊಳಗೆ ತೋಟದ ಮುಂದೆ ನಿಂತಿತ್ತು. ಮಂದಿ ಕೂಡಿದರು. ಎತ್ತರವೆಂದರೆ ಎತ್ತರ, ಓಣಿಯ ಗಾಡಿ ಕುದುರೆ ಅದರ ಪಕ್ಕದಲ್ಲಿ ಕರುವಿನ ಹಾಗೆ ಕಂಡಿತು. ಚಹಾ ಮುಗಿಯುವ ಮೊದಲೇ ಹುಡುಗ ಕೇಳಿದ: "ಮಾಮಾ, ಒಂದ್ ರೌಂಡ್ ಹತ್ತಿ ಬರ್ಲೇನು?"

ನಾನು ಅದರ ಮುಂಗಾಲುಗಳ ಹಿಂಬದಿಗೆ ಕೈ ಇಟ್ಟು ನೋಡಿದೆ. ಎಡಗಾಲು ತಣ್ಣಗಿತ್ತು. ಬಲಗಾಲು, ಮೊಳಕಾಲಿನ ಕೆಳಗೆ ಒಂದು ಗೇಣಿನಷ್ಟು ಜಾಗ, ಬಿಸಿ. ಬೆರಳಿನಿಂದ ಒತ್ತಿದರೆ ಕಾಲು ಎತ್ತಿಕೊಂಡಿತು. "ಇವತ್ತ ಬ್ಯಾಡೋ" ಅಂದೆ. ಅವನ ಮುಖ ಸಪ್ಪಗಾಯಿತು. ಮರುದಿನ ಪಶುವೈದ್ಯರು ಬಂದು ನೋಡಿದರು. ಹಳೆಯ ಪೆಟ್ಟು, ಸ್ನಾಯುರಜ್ಜು ಕೂಡಿಕೊಳ್ಳಲು ವರ್ಷವಾದರೂ ಬೇಕು, ಕೂಡಿಕೊಂಡ ಮೇಲೂ ಅಲ್ಲೇ ಮತ್ತೆ ಹರಿಯುವ ಭಯ ಇದ್ದೇ ಇರುತ್ತದೆ ಎಂದರು.

ರೇಸಿನ ಕುದುರೆ ಎರಡು ವರ್ಷಕ್ಕೇ ಓಟಕ್ಕೆ ಇಳಿಯುತ್ತದೆ. ಎಲುಬು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಏಳೆಂಟಕ್ಕೆಲ್ಲ ಅದರ ಓಟ ಮುಗಿಯುತ್ತದೆ; ಆಯಸ್ಸು ಮಾತ್ರ ಇಪ್ಪತ್ತೈದು ವರ್ಷ. ಮೈಮೇಲೆ ಗಾಯ ಕಾಣದು, ಕೂದಲು ಮಿರಿ ಮಿರಿ ಮಿಂಚುತ್ತಿರುತ್ತದೆ. ನಾವು ಮೋಸ ಹೋಗುವುದೇ ಆ ಹೊಳಪಿಗೆ.

ಇನ್ನೊಂದು ಮಾತನ್ನು ನಮ್ಮಲ್ಲಿ ಬಹಳ ಜನ ನಂಬುವುದಿಲ್ಲ. ಲಗಾಮು ಜಗ್ಗಿದರೆ ಕುದುರೆ ನಿಲ್ಲುತ್ತದೆ ಎಂಬುದು ಗಾಡಿ ಕುದುರೆಯ ಲೆಕ್ಕ. ರೇಸಿನ ಕುದುರೆ ಕಲಿತದ್ದು ಬೇರೆ. ಜಾಕಿ ಲಗಾಮನ್ನು ಬಿಗಿ ಹಿಡಿದೇ ಓಡಿಸುತ್ತಾನೆ, ಕುದುರೆ ಆ ಬಿಗಿಗೆ ಬಾಯಿ ಒತ್ತಿಕೊಂಡು ಮುಂದೆ ನುಗ್ಗುತ್ತದೆ. ಹೊಸಬ ಹೆದರಿ ಜಗ್ಗಿದಷ್ಟೂ ಅದು ಜೋರು ಮಾಡುತ್ತದೆ. ಅದರ ತಪ್ಪಲ್ಲ, ಹೇಳಿದ್ದನ್ನೇ ಮಾಡುತ್ತಿದೆ. ಜಾಕಿಯ ತೂಕ ಐವತ್ತರಿಂದ ಅರವತ್ತು ಕಿಲೊ. ಅವನು ರಿಕಾಬಿನ ಮೇಲೆ ನಿಂತು ಓಡಿಸುವವನು, ಬೆನ್ನಿನ ಮೇಲೆ ಕೂರುವವನಲ್ಲ. ನಾವೋ ತೊಂಬತ್ತು ಕಿಲೊ ಹೊತ್ತು ನೇರ ಬೆನ್ನುಮೂಳೆಗೇ ಕುಕ್ಕರಿಸುತ್ತೇವೆ. ಗಟ್ಟಿಮುಟ್ಟಾದ ಕುದುರೆಯೂ ತನ್ನ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದು. ಐದುನೂರು ಕಿಲೊದ ಕುದುರೆಗೆ ಜೀನೂ ಸೇರಿ ನೂರು, ಅಲ್ಲಿಗೆ ಮುಗಿಯಿತು. ಮದುವೆ ಮೆರವಣಿಗೆಯ ಡಿಜೆ ಮುಂದೆ ಇಂಥ ಕುದುರೆಯ ಮೇಲೆ ವರನನ್ನು ಕೂರಿಸುವ ವಿಚಾರವಿದ್ದವರು ದಯವಿಟ್ಟು ಕಾರು ಮಾಡಿ.

ಹತ್ತದ ಕುದುರೆ ದಂಡ, ಹತ್ತಲಾಗದಿದ್ದರೆ ಶರ್ಯತ್ತಿನ ಗಾಡಿಗಾದರೂ ಹೂಡಬಹುದು ಎನ್ನುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಕುಂಟುವ ಕಾಲಿಗೆ ಡಾಂಬರು ರಸ್ತೆ, ಜೊತೆಗೆ ಬಾರುಕೋಲು. ಕಾನೂನು ಬಿಟ್ಟಿದೆಯಲ್ಲ ಎಂದು ವಾದಿಸುವವರಿಗೆ ಒಂದು ಮಾತು: 2017ರ ರಾಜ್ಯದ ತಿದ್ದುಪಡಿ ದಾರಿ ಮಾಡಿಕೊಟ್ಟದ್ದು ಕಂಬಳಕ್ಕೆ, ಎತ್ತಿನ ಓಟಕ್ಕೆ, ಎತ್ತಿನ ಗಾಡಿ ಶರ್ಯತ್ತಿಗೆ. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಕುದುರೆಯ ಹೆಸರು ಅದರಲ್ಲಿಲ್ಲ.

ಹತ್ತದ ಕುದುರೆಗೆ ಬೆಲೆ ಇಲ್ಲ ಎಂದು ಯಾರು ಹೇಳಿದರು? ಚಿಕ್ಕೋಡಿ ತಾಲ್ಲೂಕಿನ ಅಂಕಲಿ ನಮಗೇನು ದೂರವೇ? ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರ ಮಾವುಲಿಗಳ ಪಾಲಖಿಗೆ ಪ್ರತಿವರ್ಷ ಕುದುರೆಗಳು ಹೋಗುವುದು ಅಲ್ಲಿನ ಶಿತೋಳೆ ಸರಕಾರರ ವಾಡೆಯಿಂದ. ಆಳಂದಿ ತನಕ ನಡೆದೇ ಹೋಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದನ್ನು ಯಾರೂ ಹತ್ತುವುದಿಲ್ಲ, ಅದು ಮಾವುಲಿಗಳ ಕುದುರೆ. ಸವಾರನಿಲ್ಲದ ಆ ಕುದುರೆ ರಿಂಗಣದಲ್ಲಿ, ಅಂದರೆ ದಾರಿಯಲ್ಲಿ ನಡೆಯುವ ಸುತ್ತೋಟದಲ್ಲಿ, ಓಡಿದ ಮೇಲೆ ವಾರಕರಿಗಳು ಅದರ ಗೊರಸು ತುಳಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ.

ನಮ್ಮ ಭಕ್ತಿಗೇನೂ ಕೊರತೆಯಿಲ್ಲ. 2021ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಗೋಕಾಕ ತಾಲ್ಲೂಕಿನ ಮರಡಿಮಠದಲ್ಲಿ ದೇವರ ಕುದುರೆ ಸತ್ತಾಗ ಅಂತ್ಯಯಾತ್ರೆಗೆ ನೂರಾರು ಜನ ಸೇರಿದ್ದರು. ಆಡಳಿತ ಊರನ್ನೇ ಸೀಲ್ ಮಾಡಬೇಕಾಯಿತು. ಸತ್ತ ಕುದುರೆಯ ಹಿಂದೆ ಅಷ್ಟು ಮಂದಿ. ಬದುಕಿದ್ದರ ಕಾಲು ಮುಟ್ಟಿ ನೋಡುವವರು ಎಷ್ಟು?

ಹತ್ತಲೇಬಾರದು ಎನ್ನುವವನಲ್ಲ ನಾನು. ಕಾಲು, ಬೆನ್ನು ನೆಟ್ಟಗಿದ್ದರೆ ಹದವಾದ ಸವಾರಿ ಕುದುರೆಗೂ ಒಳ್ಳೆಯದೇ. ಆದರೆ ತಂದ ಮೊದಲ ಎರಡು ಮೂರು ತಿಂಗಳು ಬಯಲಿಗೆ ಬಿಡಿ, ಹಗ್ಗ ಹಿಡಿದು ಅಡ್ಡಾಡಿಸಿ. ಮೇವನ್ನು ಒಮ್ಮೆಲೇ ಬದಲಿಸಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಶೂಲೆ ಬಂದರೆ ಜೀವಕ್ಕೇ ಬರುತ್ತದೆ. ಹುರುಳಿ ನೆನೆಸಿ ಕೊಡಿ, ಅದೂ ಮಿತವಾಗಿ. ಧನುರ್ವಾಯುವಿನ ಚುಚ್ಚುಮದ್ದು ತಪ್ಪಿಸಬೇಡಿ. ಗಟ್ಟಿ ನೆಲದ ಮೇಲೆ ಕುಕ್ಕುಲೋಟದಲ್ಲಿ ಓಡಿಸಿ ನೋಡಿ: ನೋವಿರುವ ಮುಂಗಾಲು ಊರಿದಾಗ ಕತ್ತು ಮೇಲೆದ್ದರೆ ಜೀನು ಮನೆಯಲ್ಲೇ ಇರಲಿ. ಬೆನ್ನ ಮೇಲೆ ಕೈ ಆಡಿಸಿದಾಗ ಕುಗ್ಗಿದರೆ, ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿದರೆ, ಆಗಲೂ ಅಷ್ಟೇ. ವೈದ್ಯರು ಹ್ಞೂಂ ಎಂದ ಮೇಲೆ, ಬೇಲಿ ಇರುವ ಜಾಗದಲ್ಲಿ, ಸವಾರಿ ಬಲ್ಲ ಹಗುರ ಆಳು ಹೆಲ್ಮೆಟ್ ಹಾಕಿ ಮೊದಲು ಹತ್ತಲಿ. ನಿಮ್ಮ ಪಾಳಿ ಆಮೇಲೆ.

ನಮ್ಮ ಕುದುರೆಯನ್ನು ಈತನಕ ಯಾರೂ ಹತ್ತಿಲ್ಲ. ಹುಡುಗ ದಿನಾ ಸಂಜೆ ಅದನ್ನು ಕಾಲುವೆ ದಂಡೆಗುಂಟ ನಡೆಸಿಕೊಂಡು ಬರುತ್ತಾನೆ. ನಿಮ್ಮ ಕೊಟ್ಟಿಗೆಯಲ್ಲೂ ಇಂಥದೊಂದು ನಿಂತಿದ್ದರೆ ಜೀನು ಕೊಳ್ಳುವ ಮೊದಲು 1962ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕಿನ ಪಶು ಆಸ್ಪತ್ರೆಯಿಂದ ವೈದ್ಯರನ್ನು ಕರೆಸಿ ತೋರಿಸಿ.