ತಾಳಿಕೆಯ ಪ್ರಶಂಸೆ ಮತ್ತು ಲ್ಯಾಟಿನೊ ಸಮುದಾಯದ ಮನೋವ್ಯಥೆ

ಆಘಾತವನ್ನು ಎದುರಿಸಿ ಮತ್ತೆ ಚೇತರಿಸಿಕೊಳ್ಳುವ ಸಾಮರ್ಥ್ಯವನ್ನು ಮನೋವಿಜ್ಞಾನವು ‘ರಿಸಿಲಿಯನ್ಸ್’ ಎಂದು ಕರೆಯುತ್ತದೆ. ಇದನ್ನು ಕನ್ನಡಕ್ಕೆ ತರಲು ಎರಡು ದಾರಿಗಳಿವೆ: ಒಂದು, ಭೌತಶಾಸ್ತ್ರದ ‘ಸ್ಥಿತಿಸ್ಥಾಪಕತ್ವ’, ಇನ್ನೊಂದು, ಜನಬಳಕೆಯ ‘ತಾಳಿಕೆ’. ಮೊದಲನೆಯದು ಎಳೆದ ವಸ್ತು ಮೂಲಸ್ಥಿತಿಗೆ ಮರಳುವುದನ್ನು ಸೂಚಿಸಿದರೆ, ಎರಡನೆಯದು ಸಹಿಸಿ ಉಳಿಯುವುದನ್ನು ಸೂಚಿಸುತ್ತದೆ. ಕೋವಿಡ್ ಕಾಲದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಲ್ಯಾಟಿನೊ ಸಮುದಾಯವು ಅನುಭವಿಸಿದ ಮನೋವ್ಯಥೆಯನ್ನು ಪರಿಶೀಲಿಸಿದಾಗ ಈ ಎರಡೂ ಪದಗಳ ಮಿತಿ ಗೋಚರಿಸುತ್ತದೆ.

ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ ಮತ್ತು ಮಧ್ಯ-ದಕ್ಷಿಣ ಅಮೆರಿಕಗಳ ಮೂಲದ ಈ ಜನರ ಸಂಖ್ಯೆ ೨೦೨೦ರ ಜನಗಣತಿಯಂತೆ ೬.೨೧ ಕೋಟಿ. ಲಿಂಗಭೇದವನ್ನು ಮೀರಲೆಂದು ವಿದ್ವತ್ ವಲಯವು ಇವರನ್ನು ‘ಲ್ಯಾಟಿನೆಕ್ಸ್’ ಎಂದು ಹೆಸರಿಸಿತು. ಆದರೆ ೨೦೨೦ರಲ್ಲಿ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಂತೆ, ಆ ಪದವನ್ನು ತಮಗೆ ಬಳಸಿಕೊಳ್ಳುವವರು ಅವರಲ್ಲಿ ಶೇ. ೩ರಷ್ಟು ಮಾತ್ರ. ಹೆಸರಿಡುವವರಿಗೂ ಹೆಸರು ಹೊರುವವರಿಗೂ ನಡುವಿನ ಈ ಅಂತರವು ‘ರಿಸಿಲಿಯನ್ಸ್’ ಕುರಿತ ಚರ್ಚೆಯಲ್ಲಿಯೂ ಇದೆ.

ಆದಾಯ, ವಿಮೆ, ಶಿಕ್ಷಣಗಳಲ್ಲಿ ಹಿಂದುಳಿದಿದ್ದರೂ ಇವರ ಆರೋಗ್ಯವು ನಿರೀಕ್ಷೆಗಿಂತ ಉತ್ತಮವಾಗಿರುವುದನ್ನು ಮಾರ್ಕಿಡೆಸ್ ಮತ್ತು ಕೊರೇಲ್ ೧೯೮೬ರಲ್ಲಿ ಗುರುತಿಸಿದರು. ಮುಂದೆ ಇದು ‘ಹಿಸ್ಪಾನಿಕ್ ವಿರೋಧಾಭಾಸ’ವೆಂದು ಪ್ರಸಿದ್ಧವಾಯಿತು. ಇದಕ್ಕೆ ನೀಡಲಾದ ವಿವರಣೆಗಳಲ್ಲಿ ‘ಫಮಿಲಿಸ್ಮೊ’, ಅಂದರೆ ಕುಟುಂಬನಿಷ್ಠೆಯೂ ಒಂದು. ಹೀಗೆ ತಾಳಿಕೆಯು ಈ ಜನರ ಸಹಜಗುಣವೆಂಬ ಭಾವನೆ ಬೇರೂರಿತು.

೨೦೨೦ ಈ ಭಾವನೆಯನ್ನು ಅಲುಗಿಸಿತು. ಆ ವರ್ಷದ ಜೂನ್ ತಿಂಗಳ ಕೊನೆಯಲ್ಲಿ ನಡೆದು, ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಆಗಸ್ಟ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಒಟ್ಟು ವಯಸ್ಕರಲ್ಲಿ ಶೇ. ೪೦.೯ರಷ್ಟು ಮಂದಿ ಖಿನ್ನತೆ, ಆತಂಕ, ವ್ಯಸನ ಮೊದಲಾದ ಒಂದಾದರೂ ತೊಂದರೆಯನ್ನು ಹೇಳಿಕೊಂಡಿದ್ದರು. ಹಿಸ್ಪಾನಿಕರಲ್ಲಿ ಈ ಪ್ರಮಾಣ ಶೇ. ೫೨.೧. ಹಿಂದಿನ ಮೂವತ್ತು ದಿನಗಳಲ್ಲಿ ಆತ್ಮಹತ್ಯೆಯ ಬಗ್ಗೆ ಗಂಭೀರವಾಗಿ ಯೋಚಿಸಿದವರು ಒಟ್ಟಾರೆ ಶೇ. ೧೦.೭ ಇದ್ದರೆ, ಇವರಲ್ಲಿ ಶೇ. ೧೮.೬ ಇದ್ದರು. ೨೦೧೯ ಮತ್ತು ೨೦೨೧ರ ನಡುವೆ ಸಮುದಾಯದ ಸರಾಸರಿ ಆಯುಷ್ಯವೂ ಸುಮಾರು ನಾಲ್ಕು ವರ್ಷ ಕುಸಿಯಿತು.

ಇದನ್ನು ತಾಳಿಕೆಯ ಕೊರತೆಯೆನ್ನಲಾಗದು. ಮಾಂಸ ಸಂಸ್ಕರಣಾ ಘಟಕ, ಹೊಲ, ಅಡುಗೆಮನೆ, ಕಟ್ಟಡಗಳಲ್ಲಿ ದುಡಿಯುವವರಿಗೆ ಮನೆಯಿಂದಲೇ ಕೆಲಸ ಮಾಡುವ ಅವಕಾಶವಿರಲಿಲ್ಲ. ೨೦೨೦ರ ಮಾರ್ಚ್ ತಿಂಗಳ ಪರಿಹಾರ ಕಾಯ್ದೆಯು ಸಾಮಾಜಿಕ ಭದ್ರತಾ ಸಂಖ್ಯೆಯಿಲ್ಲದ ವಲಸಿಗರನ್ನು ಹೊರಗಿಟ್ಟಿತು; ಅವರೊಡನೆ ಜಂಟಿಯಾಗಿ ತೆರಿಗೆ ವಿವರ ಸಲ್ಲಿಸಿದ, ಪೌರತ್ವವುಳ್ಳ ಸಂಗಾತಿಗಳಿಗೂ ನೆರವು ದೊರೆಯಲಿಲ್ಲ. ಈ ಎರಡನೆಯ ಲೋಪವನ್ನು ಸರಿಪಡಿಸಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಎಲ್ಲಕ್ಕಿಂತ ಕ್ರೂರವಾದುದು, ಬಲವೆಂದು ಹೊಗಳಲಾದ ಕುಟುಂಬವೇ ಭಯದ ನೆಲೆಯಾದದ್ದು. ಮೂರು ತಲೆಮಾರು ಒಂದೇ ಸೂರಿನಡಿ ಇರುವಲ್ಲಿ, ಕೂಲಿ ತರುವ ಕೈಯೇ ಅಜ್ಜಿಗೆ ಸೋಂಕನ್ನೂ ತರಬಹುದಾಗಿತ್ತು.

ಸ್ಪ್ಯಾನಿಷ್‌ನಲ್ಲಿ ‘ಆಗ್ವಾಂತಾರ್’ ಎಂಬ ಕ್ರಿಯಾಪದವಿದೆ. ಸಹಿಸು, ತಡೆದುಕೊ ಎಂಬುದು ಅದರ ಅರ್ಥ. ದುಃಖವನ್ನು ನುಂಗಿಕೊಳ್ಳುವುದೇ ಹಿರಿಮೆಯಾದಾಗ ನೆರವು ಕೇಳುವುದು ಸೋಲಾಗಿ ಕಾಣುತ್ತದೆ. ಸಂಕಟವನ್ನು ಹೇಳಿಕೊಳ್ಳಲು ಆ ಭಾಷೆಯಲ್ಲಿ ‘ಅತಾಕೆ ದೆ ನೆರ್ವಿಯೊಸ್’, ಅಂದರೆ ನರಗಳ ದಾಳಿ, ಎಂಬ ನುಡಿಗಟ್ಟೂ ಇದೆ. ಅಳು, ನಡುಕ, ಚೀರಾಟಗಳಲ್ಲಿ ವ್ಯಕ್ತವಾಗುವ ಈ ಸ್ಥಿತಿಯನ್ನು ಅಮೆರಿಕದ ಮನೋವೈದ್ಯಕೀಯ ಕೈಪಿಡಿಯ ೨೦೧೩ರ ಆವೃತ್ತಿಯೂ ದಾಖಲಿಸಿದೆ. ಇಂಗ್ಲಿಷ್ ಪ್ರಶ್ನಾವಳಿಯನ್ನಷ್ಟೇ ನಂಬಿದರೆ ಇಂತಹ ನುಡಿ ಕಿವಿಗೆ ಬೀಳದು.

ತಾಳಿಕೆ ಸುಳ್ಳೆಂಬುದು ಈ ವಾದದ ತಾತ್ಪರ್ಯವಲ್ಲ. ‘ಪ್ರೊಮೊತೋರಾ’ ಎಂದು ಕರೆಯಲಾಗುವ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು ತಮ್ಮವರ ಭಾಷೆಯಲ್ಲಿ ಲಸಿಕೆಯ ತಿಳಿವಳಿಕೆ ಮುಟ್ಟಿಸಿದ್ದು, ನೆರೆಹೊರೆಯವರು ಆಹಾರ ಹಂಚಿಕೊಂಡದ್ದು ನಿಜವಾದ ಶಕ್ತಿಯೇ. ಆದರೆ ಆ ಶಕ್ತಿಯ ಪ್ರಶಂಸೆಯು ವೇತನಸಹಿತ ರಜೆ, ವಿಮೆ ಮತ್ತು ಸ್ವಭಾಷೆಯ ಚಿಕಿತ್ಸೆಗಳಿಗೆ ಬದಲಿಯಾಗಬಾರದು.

‘ತಾಳಿದವನು ಬಾಳಿಯಾನು’ ಎನ್ನುತ್ತದೆ ಕನ್ನಡದ ಗಾದೆ. ಆ ವರ್ಷಗಳಲ್ಲಿ ತಾಳಿದವರೆಲ್ಲರೂ ಬಾಳಲಿಲ್ಲ. ‘ಸ್ಥಿತಿಸ್ಥಾಪಕತ್ವ’ವೆಂದರೆ ಮೂಲಸ್ಥಿತಿಗೆ ಮರಳುವುದು, ಆ ಮೂಲಸ್ಥಿತಿಯೇ ರೋಗಕ್ಕೆ ದಾರಿಯಾಗಿದ್ದಲ್ಲಿ ಅದಕ್ಕೆ ಮರಳುವುದನ್ನು ಚೇತರಿಕೆಯೆನ್ನಲಾಗದು. ಆದುದರಿಂದ ಈ ಪರಿಕಲ್ಪನೆಗೆ ಕನ್ನಡದಲ್ಲಿ ಯಾವ ಪದವನ್ನು ರೂಢಿಸಿದರೂ, ಯಾರು ತಾಳಿದರು ಎಂಬುದರ ಜೊತೆಗೆ, ಅವರು ತಾಳಲೇಬೇಕಾದ ಸ್ಥಿತಿಯನ್ನು ತಂದವರು ಯಾರು ಎಂಬ ಪ್ರಶ್ನೆಗೂ ಅದರಲ್ಲಿ ಎಡೆಯಿರಬೇಕು.