ಟ್ಯಾಂಕಿನೊಳಗೆ ಜೋಳ, ಕೆರೆ ಏರಿ ಮೇಲೆ ಹೊಂಗೆ

ವೇಮಗಲ್ ಬಸ್ ಸ್ಟ್ಯಾಂಡಿನ ಆಸುಪಾಸಿನ ಯಾವ ಮೆಕ್ಯಾನಿಕ್ ಅಂಗಡಿ ಮುಂದೆ ನಿಂತರೂ ಒಂದೇ ದೂರು. ಗಾಡಿ ಮೊದಲಿನ ಹಾಗೆ ಮೈಲೇಜು ಕೊಡ್ತಿಲ್ಲ, ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗೋಕೆ ಹಟ ಮಾಡುತ್ತೆ, ಕಾರ್ಬುರೇಟರ್ ಬಿಚ್ಚಿ ತೊಳೆದರೆ ಎರಡು ತಿಂಗಳಿಗೆ ಮತ್ತೆ ಅದೇ ಕತೆ. ದೂರುವವರು ದೊಡ್ಡ ಕಾರಿನವರಲ್ಲ. ಹಳೇ ಮೊಪೆಡ್ಡಿನ ಮೇಲೆ ಹಾಲಿನ ಕ್ಯಾನು ಹೇರಿಕೊಂಡು ಬರುವವರು, ಕೋಲಾರದ ಮಂಡಿಯಿಂದ ತರಕಾರಿ ಮೂಟೆ ತರುವ ಅಂಗಡಿಯವರು, ನರಸಾಪುರದ ಫ್ಯಾಕ್ಟರಿ ಶಿಫ್ಟಿಗೆ ಓಡುವ ಹುಡುಗರು. ಮೆಕ್ಯಾನಿಕ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಕೊಡುವ ಉತ್ತರವೂ ಒಂದೇ: 'ಪೆಟ್ರೋಲಿಗೆ ಸ್ಪಿರಿಟ್ಟು ಬೆರೆಸ್ತಾರೆ ಸ್ವಾಮಿ, ಗಾಡಿ ಏನ್ ಮಾಡುತ್ತೆ?'

ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಗಾಡಿಗೆ ಬರುವ ಎಲ್ಲ ಕಾಯಿಲೆಗೂ ಇದೇ ಕಾರಣ ಎನ್ನುವುದೂ ಸರಿಯಲ್ಲ. ಬೆರೆಸುವುದು ಕಳ್ಳತನದಿಂದಲ್ಲ, ಸರ್ಕಾರದ ಅಪ್ಪಣೆಯಂತೆ. 2014ರ ಸುಮಾರಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ನೂರಕ್ಕೆ ಒಂದೂವರೆ ಪಾಲು ಮಾತ್ರ ಇತ್ತು. 2022ರ ಹೊತ್ತಿಗೆ ಅದು 10 ಪಾಲಾಯಿತು. 20 ಪಾಲಿನ ಪೆಟ್ರೋಲಿಗೆ ಪ್ರಧಾನಿಯವರು ಚಾಲನೆ ಕೊಟ್ಟದ್ದು ದೂರದ ದೆಹಲಿಯಲ್ಲಲ್ಲ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ. ಮೊದಲು 2030ಕ್ಕೆ ಮುಟ್ಟಬೇಕೆಂದಿದ್ದ ಗುರಿಯನ್ನು ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದ್ದಾಯಿತು. ಸರ್ಕಾರಿ ಕೆಲಸ ಐದು ವರ್ಷ ಮುಂಚೆ ಮುಗಿದದ್ದು ಅಪರೂಪ. ಕೆರೆ ಹೂಳೆತ್ತುವುದರಲ್ಲೂ ಈ ಅವಸರ ಕಂಡಿದ್ದರೆ ಕೋಲಾರ ಜಿಲ್ಲೆಯ ಹಣೆಬರಹವೇ ಬೇರೆಯಾಗುತ್ತಿತ್ತು.

ಲಾಭ ಇಲ್ಲವೆಂದಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ಹೊರಗಿನಿಂದಲೇ ಬರಬೇಕು. ಎಥೆನಾಲ್ ಬೆರೆಸಿದ್ದರಿಂದ 2014ರಿಂದ 2025ರವರೆಗೆ 1 ಲಕ್ಷ 40 ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟ ವಿದೇಶಿ ವಿನಿಮಯ ಉಳಿಯಿತೆಂದು ಕೇಂದ್ರ ಸರ್ಕಾರ ಹೇಳುತ್ತದೆ. ಮಂಡ್ಯ, ಬೆಳಗಾವಿ ಕಡೆಯ ಕಬ್ಬಿನ ರೈತನಿಗೆ ಕಾರ್ಖಾನೆಯವರು ಬಾಕಿ ಉಳಿಸಿಕೊಂಡು ಸತಾಯಿಸುತ್ತಿದ್ದ ಕಾಲಕ್ಕಿಂತ ಈಗ ಕೈಗೆ ಕಾಸು ಬೇಗ ಬರುತ್ತಿದೆ. ಹೊಗೆಯಲ್ಲಿನ ಕೆಲವು ವಿಷಗಳು ಕಡಿಮೆಯಾಗುತ್ತವೆ. ಇವೆಲ್ಲ ಒಪ್ಪತಕ್ಕ ಮಾತೇ.

ಆದರೆ ಬೆಲೆ ತೆರುವವನು ಯಾರು?

ಎಥೆನಾಲ್ ಉರಿದಾಗ ಬರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಇದು ಯಾವ ಪಕ್ಷದ ಮಾತೂ ಅಲ್ಲ, ಪದಾರ್ಥದ ಗುಣ. ನೀತಿ ಆಯೋಗ 2021ರಲ್ಲಿ ಹೊರಡಿಸಿದ ತಜ್ಞರ ವರದಿಯೇ ಲೆಕ್ಕ ಕೊಟ್ಟಿದೆ: 20 ಪಾಲಿಗೆಂದು ತಯಾರಾಗದ ಕಾರುಗಳಲ್ಲಿ ಮೈಲೇಜು ನೂರಕ್ಕೆ 6–7 ಇಳಿಯಬಹುದು, ಅಂಥ ದ್ವಿಚಕ್ರ ವಾಹನಗಳಲ್ಲಿ 3–4. ತಿಂಗಳಿಗೆ 20 ಲೀಟರ್ ಸುಡುವ ಸ್ಕೂಟರಿಗೆ ಶೇಕಡಾ 4 ಎಂದರೆ ಮುಕ್ಕಾಲು ಲೀಟರಿಗೂ ಮಿಕ್ಕಿತು. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ 80, ವರ್ಷಕ್ಕೆ ಸಾವಿರದ ಹತ್ತಿರ ಹತ್ತಿರ. ಸಾಹುಕಾರನಿಗೆ ಇದು ಲೆಕ್ಕವಲ್ಲ. ಹಾಲು ಹಾಕಿ ಬದುಕುವವನಿಗೆ ಅದು ಮಗುವಿನ ಶಾಲೆಯ ಪುಸ್ತಕದ ದುಡ್ಡು.

ಮೈಲೇಜೊಂದೇ ಅಲ್ಲ. ಎಥೆನಾಲಿಗೆ ನೀರೆಂದರೆ ಬಲು ಪ್ರೀತಿ. ಹಳೇ ಟ್ಯಾಂಕಿನ ತಳದಲ್ಲಿ ಒಂದಿಷ್ಟು ನೀರು, ಒಂದಿಷ್ಟು ತುಕ್ಕು ಇದ್ದೇ ಇರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ಗಾಡಿ ಅಲ್ಲೇ ಮುಷ್ಕರ ಹೂಡುತ್ತದೆ. ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳೂ ಬೇಗ ಊದಿಕೊಂಡು ಬಿರಿಯುತ್ತವೆ. 2023ರ ಏಪ್ರಿಲ್‌ನಿಂದ ತಯಾರಾಗುವ ಗಾಡಿಗಳ ಭಾಗಗಳು ಇದನ್ನು ತಡೆಯುವಂತಿರಬೇಕೆಂಬ ನಿಯಮ ಬಂದಿದೆ. ನರಸಾಪುರದಲ್ಲೇ ಹೋಂಡಾ ಕಾರ್ಖಾನೆ 2013ರಿಂದ ಸ್ಕೂಟರು ತಯಾರಿಸುತ್ತಿದೆ. ಅಲ್ಲಿಂದ ಈಗ ಹೊರಬೀಳುವ ಹೊಸ ಗಾಡಿಗೆ ಚಿಂತೆಯಿಲ್ಲ. ಆದರೆ ಅದೇ ರಸ್ತೆಯಲ್ಲಿ ಓಡಾಡುವ ಹತ್ತು ಹದಿನೈದು ವರ್ಷದ ಗಾಡಿಗಳನ್ನು ಏನು ಮಾಡಬೇಕು, ಗುಜರಿಗೆ ಹಾಕಬೇಕೆ?

ಆ 2021ರ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಶಕ್ತಿ ಕಡಿಮೆಯಾದ್ದರಿಂದ ಬೆರಕೆ ಪೆಟ್ರೋಲಿನ ಬೆಲೆಯೂ ಮಾಮೂಲಿ ಪೆಟ್ರೋಲಿಗಿಂತ ಕಡಿಮೆ ಇರಬೇಕು, ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು ಎಂದು. ಹಳೇ ವಾಹನಗಳಿಗೆ 10 ಪಾಲಿನ ಪೆಟ್ರೋಲು ಉಳಿಸಿಕೊಡುವ ಯೋಚನೆಯೂ ಇತ್ತು. ಎಥೆನಾಲ್ ಬಂತು, ರಿಯಾಯಿತಿ ಬರಲಿಲ್ಲ. ಕೇಳಿದರೆ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯದಿಂದ ಬಂದ ಉತ್ತರ: ಎಥೆನಾಲ್ ಈಗ ಅಗ್ಗವಲ್ಲ, ಸರಾಸರಿ ಲೀಟರಿಗೆ 71 ರೂಪಾಯಿ 32 ಪೈಸೆ ಬೀಳುತ್ತಿದೆ. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಕೊಡಿ, ಬಂಕಿನಲ್ಲಿ ಬೋರ್ಡು ಹಾಕಿ ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಕೋರ್ಟಿನ ಬಾಗಿಲು ಮುಚ್ಚಿತೆಂದು ಸರ್ಕಾರದ ಬಾಗಿಲೂ ಮುಚ್ಚಬೇಕಿಲ್ಲವಲ್ಲ. ಅರ್ಧ ಕೆಜಿ ಬೆಲ್ಲ ಕೊಟ್ಟು ಒಂದು ಕೆಜಿ ದುಡ್ಡು ಕೇಳುವ ಅಂಗಡಿಯವನನ್ನು ತೂಕ ಅಳತೆ ಇಲಾಖೆ ಹಿಡಿಯುತ್ತೆ. ಶಕ್ತಿ ಕಡಿಮೆ ಇರುವ ಪೆಟ್ರೋಲನ್ನು ಪೂರಾ ಬೆಲೆಗೆ ಮಾರಿದರೆ ಯಾವ ಇಲಾಖೆಗೆ ಹೋಗಿ ದೂರುವುದು?

ಇನ್ನು ಈ ಎಥೆನಾಲ್ ಹುಟ್ಟುವ ಹೊಲದ ಮಾತು. 2024ರಿಂದೀಚೆಗೆ ಕಬ್ಬಿಗಿಂತ ಧಾನ್ಯದಿಂದಲೇ ಹೆಚ್ಚು ಎಥೆನಾಲ್ ಬರುತ್ತಿದೆ. ಮುಸುಕಿನ ಜೋಳ ಮುಂದೆ, ಅಕ್ಕಿ ಹಿಂದೆ. ಒಂದು ಟನ್ ಜೋಳಕ್ಕೆ ಸುಮಾರು 380 ಲೀಟರ್. 10 ಲೀಟರ್ ಟ್ಯಾಂಕು ತುಂಬಿಸಿದರೆ ಅದರಲ್ಲಿ 2 ಲೀಟರ್ ಎಥೆನಾಲ್. ಜೋಳದಿಂದ ಬಂದದ್ದಾದರೆ ಐದು ಕೆಜಿಗೂ ಮಿಕ್ಕ ಕಾಳು ಟ್ಯಾಂಕಿನೊಳಗೆ ಹೋಯಿತೆಂದು ಅರ್ಥ. ಕಬ್ಬಿನದಾದರೆ ನೀರಿನ ಲೆಕ್ಕ ಕೇಳಬೇಕು: ಲೀಟರ್ ಎಥೆನಾಲಿಗೆ 2,860 ಲೀಟರ್ ನೀರು ಎನ್ನುತ್ತದೆ ಅದೇ ವರದಿ. ಅಂದರೆ ಒಂದು ಟ್ಯಾಂಕು ಪೆಟ್ರೋಲಿನೊಳಗೆ ಒಂದು ಟ್ರ್ಯಾಕ್ಟರ್ ಟ್ಯಾಂಕರ್ ನೀರು ಅಡಗಿ ಕೂತಿದೆ. ಸಾವಿರ ಅಡಿ ಕೊರೆದರೂ ಬೋರಿನಲ್ಲಿ ದೂಳು ಬರುವ, 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರಿಗೆ ಕೆರೆಬಾಯಿ ತೆರೆದು ಕೂತಿರುವ ಕೋಲಾರದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಜೋಳದ ಬೆಲೆ ಏರಿದಾಗ ಕೋಳಿ ಸಾಕುವವನಿಗೂ ಹಸು ಕಟ್ಟಿದವನಿಗೂ ಫೀಡಿನ ಮೂಟೆ ಭಾರವಾಯಿತು. ಒಂದು ಕಾಲಕ್ಕೆ ಹೊರಗೆ ಮಾರುತ್ತಿದ್ದ ದೇಶ 2024ರಲ್ಲಿ ಜೋಳ ತರಿಸಿಕೊಳ್ಳಬೇಕಾಯಿತು. ಅದನ್ನು ನಂಬಿ ರೈತರು ಜೋಳ ಹಾಕಿದರೆ, 2025ರ ನವೆಂಬರಿನಲ್ಲಿ ಬೆಲೆ ಬಿದ್ದು ಗದಗ, ಹಾವೇರಿ ಕಡೆಯವರು 2,400 ರೂಪಾಯಿ ಬೆಂಬಲ ಬೆಲೆಗಾಗಿ ಬೀದಿಗಿಳಿದರು. ಡಿಸ್ಟಿಲರಿಯವರು ಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಕ್ಕಿಯ ಕತೆ ಇನ್ನೂ ಸ್ವಾರಸ್ಯ. 2023ರಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೊಡಿ ಎಂದು ರಾಜ್ಯ ಕೇಳಿದಾಗ ಕೇಂದ್ರ ಇಲ್ಲವೆಂದಿತು. ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ನಗದು ಹಂಚಬೇಕಾಯಿತು. 2025ರಲ್ಲಿ ಉಗ್ರಾಣ ತುಂಬಿ ಚೆಲ್ಲುತ್ತಿದೆಯೆಂದು 52 ಲಕ್ಷ ಟನ್ ಅಕ್ಕಿಯನ್ನು ಎಥೆನಾಲಿಗೆ ಬಿಟ್ಟರು, ಕೆಜಿಗೆ 22 ರೂಪಾಯಿ 50 ಪೈಸೆಯಂತೆ. ರೇಷನ್ ಅಂಗಡಿ ಮುಂದಿನ ಸಾಲಿನಲ್ಲಿ ನಿಂತವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏನು ತಿಳಿಯುವುದೋ ತಿಳಿಯಲಿ.

ಹಾಗೆಂದು ಜೈವಿಕ ಇಂಧನವೇ ಬೇಡ ಎನ್ನುವುದು ತಿಳಿಗೇಡಿತನ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಮೈಸೂರು ಸೀಮೆಯ ಬಸ್ಸುಗಳು ಇದ್ದಿಲು ಗ್ಯಾಸಿನ ಮೇಲೆ ಓಡಿದವು. ಬಸ್ಸಿಗೆ ಒಂದು ಹಂಡೆಯಂಥ ಒಲೆ ಕಟ್ಟಿ, ತಿದಿ ತಿರುಗಿಸಿ ಕೆಂಡ ಮಾಡಿ, ಏರು ಬಂದರೆ ಪ್ರಯಾಣಿಕರೇ ಇಳಿದು ನೂಕುತ್ತಿದ್ದ ಕತೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿದವರು ಇನ್ನೂ ಇದ್ದಾರೆ. ಮರದಿಂದ ಗಾಡಿ ಓಡಿಸುವುದು ಈ ನಾಡಿಗೆ ಹೊಸದಲ್ಲ. ಯಾವ ಮರ, ಯಾರ ಜಾಗದಲ್ಲಿ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಏನಾಗುತ್ತದೆಂದು ಕೋಲಾರ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂಬ ಹೆಸರಿನಲ್ಲಿ ನೀಲಗಿರಿ ಬಂತು. ನೀರು ಬೇಡ, ಕಾವಲು ಬೇಡ, ಕುಳಿತಲ್ಲೇ ಕಾಸು ಎಂದರು. ರಾಗಿ ಬೆಳೆಯುವ ಹೊಲ ನೀಲಗಿರಿ ತೋಪಾಯಿತು, ಕೂಲಿ ಹೋಯಿತು, ಅಂತರ್ಜಲ ಪಾತಾಳ ಸೇರಿತು. ಹೊಸದಾಗಿ ನೀಲಗಿರಿ ಹಾಕಕೂಡದೆಂದು ಸರ್ಕಾರ ಆಜ್ಞೆ ಮಾಡಿದ್ದು 2017ರಲ್ಲಿ, ಮೂವತ್ತು ವರ್ಷವಾದ ಮೇಲೆ. 2003ರ ಸುಮಾರಿಗೆ ಜಟ್ರೋಫಾ ಗಿಡದ ಸರದಿ ಬಂತು. ಡೀಸೆಲ್ ಗಿಡ ಎಂದು ಕೊಂಡಾಡಿದರು, ಹೇಳಿದಷ್ಟು ಬೀಜ ಬಿಡಲಿಲ್ಲ, ಅದೂ ಮೂಲೆ ಸೇರಿತು.

ಹೊಂಗೆಯ ಮಾತು ಬೇರೆ. ಅದು ಯಾರೂ ಹೊಸದಾಗಿ ತಂದು ನೆಟ್ಟ ಪರದೇಶಿ ಗಿಡವಲ್ಲ. ವೇಮಗಲ್ ಸುತ್ತಿನ ಊರುಗಳಲ್ಲಿ ಕೆರೆ ಏರಿ ಮೇಲೆ, ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ ತಾನಾಗಿ ನಿಂತಿದೆ. ಸೊಪ್ಪು ಗದ್ದೆಗೆ ಗೊಬ್ಬರ, ಹಿಂಡಿ ತೆಂಗಿನ ಬುಡಕ್ಕೆ, ಎಣ್ಣೆ ಒಂದು ಕಾಲದಲ್ಲಿ ದೀಪಕ್ಕೆ. ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ದನ ಮೇಯುವುದು ಕಡಿಮೆ. ಮುಖ್ಯವಾಗಿ ಅದು ರಾಗಿಯ ಜಾಗ ಕೇಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಯಲ್ಲಿ ಜನರೇಟರ್ ಓಡಿಸಿ ತೋರಿಸಿ ಎರಡು ದಶಕ ಕಳೆದಿದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಪಾರ್ಕು ನಡೆಸಿ, ಹಳ್ಳಿಹಳ್ಳಿಯಲ್ಲಿ ಬೀಜ ಸಂಗ್ರಹಿಸುವ ಸಂಘ ಕಟ್ಟಿತು. ರಾಜ್ಯ ಸರ್ಕಾರ 'ಹಸಿರು ಹೊನ್ನು', 'ಬರಡು ಬಂಗಾರ' ಎಂದು ಚೆಂದದ ಹೆಸರುಗಳನ್ನೂ ಇಟ್ಟಿತು. ಹೆಸರಿಡುವುದರಲ್ಲಿ ಸರ್ಕಾರ ಎಂದೂ ಹಿಂದೆ ಬಿದ್ದದ್ದಿಲ್ಲ.

ಹೊಂಗೆಯಲ್ಲೂ ತೊಡಕುಗಳಿವೆ, ಮುಚ್ಚಿಡಬೇಕಾದ್ದಿಲ್ಲ. ನೆಟ್ಟು ಐದಾರು ವರ್ಷ ಕಾಯಬೇಕು. ಒಂದು ಮರ ಮೂಟೆಗಟ್ಟಲೆ ಬಿಟ್ಟರೆ ಪಕ್ಕದ್ದು ಬುಟ್ಟಿಯಷ್ಟು. ಕಾಯಿ ಆರಿಸುವುದು, ಸಿಪ್ಪೆ ಬಿಡಿಸುವುದು ಬೆನ್ನು ಮುರಿಯುವ ಕೆಲಸ. ತಕ್ಕ ಬೆಲೆ ಸಿಗದಿದ್ದರೆ ಯಾವ ಹೆಣ್ಣುಮಗಳೂ ಬಗ್ಗುವುದಿಲ್ಲ. ಸೋಪಿನವರು, ಚರ್ಮ ಹದ ಮಾಡುವವರು ಎರಡು ರೂಪಾಯಿ ಹೆಚ್ಚು ಕೊಟ್ಟರೆ ಬೀಜ ಅಲ್ಲಿಗೇ ಹೋಗುತ್ತೆ. ಹಸಿ ಎಣ್ಣೆಯನ್ನು ಹಾಗೇ ಎಂಜಿನ್ನಿಗೆ ಸುರಿದರೆ ಇಂಜೆಕ್ಟರ್ ಅಂಟುಗಟ್ಟುತ್ತದೆ. ಮೆಥನಾಲ್ ಬೆರೆಸಿ ಗ್ಲಿಸರಿನ್ ಬೇರ್ಪಡಿಸಿದ ಮೇಲೇ ಅದು ಜೈವಿಕ ಡೀಸೆಲ್. ಯಾರೋ ಹೇಳಿದರೆಂದು ಟ್ರ್ಯಾಕ್ಟರಿಗೆ ಗಾಣದ ಎಣ್ಣೆ ಹಾಕಿ ಕೈ ಸುಟ್ಟುಕೊಳ್ಳಬಾರದು.

ಇಲ್ಲೇ ಬಸ್ಸಿನ ಪ್ರಯಾಣಿಕರ ವಿಷಯ ಬರುವುದು. ಕೆಂಪು ಬಸ್ಸು ಓಡುವುದು ಡೀಸೆಲಿನಲ್ಲಿ. ಪೆಟ್ರೋಲಿನ ಎಥೆನಾಲ್ ಗಲಾಟೆ ಅದಕ್ಕೆ ತಾಗದು. 2018ರ ರಾಷ್ಟ್ರೀಯ ನೀತಿಯಲ್ಲಿ 2030ಕ್ಕೆ ಡೀಸೆಲಿಗೆ ನೂರಕ್ಕೆ 5 ಪಾಲು ಜೈವಿಕ ಡೀಸೆಲ್ ಬೆರೆಸಬೇಕೆಂದಿದೆ. ದೇಶದಲ್ಲಿ ಬೆರೆಯುತ್ತಿರುವುದು ಒಂದು ಪಾಲೂ ಇಲ್ಲ. ಕೆಎಸ್‌ಆರ್‌ಟಿಸಿಗೆ ಅನುಭವವಿಲ್ಲವೇ ಎಂದರೆ ಬೇಕಾದಷ್ಟಿದೆ: ಡೀಸೆಲಿಗೆ 7.7 ಪಾಲು ಎಥೆನಾಲ್ ಬೆರೆಸಿ ಓಡಿಸಿ ನೋಡಿದೆ, 2010ರ ದಶಕದಲ್ಲಿ 20 ಪಾಲು ಜೈವಿಕ ಡೀಸೆಲ್ ಹಾಕಿಯೂ ಓಡಿಸಿದೆ. ಎಂಜಿನ್ನು ಒಪ್ಪಿತು. ಕೊರತೆ ಬಿದ್ದದ್ದು ಸಮಾನ ಗುಣಮಟ್ಟದ ಎಣ್ಣೆ ದಿನವೂ ಸಿಗುವ ವ್ಯವಸ್ಥೆಗೆ. ಅಂದರೆ ತೊಂದರೆ ಬಸ್ಸಿನಲ್ಲಿಲ್ಲ, ಊರುಗಳಲ್ಲಿದೆ.

ಊರಿನಲ್ಲಿ ಇನ್ನೊಂದು ಎಣ್ಣೆಯೂ ಇದೆ. ಬಜ್ಜಿ, ಬೋಂಡ, ಗೋಬಿ ಕರಿದು ಕರಿದು ಕಪ್ಪಾದದ್ದು. ಮೂರು ಸಲಕ್ಕಿಂತ ಹೆಚ್ಚು ಕಾಯಿಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ. ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ ಆ ಎಣ್ಣೆ ಬಳಸಕೂಡದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅದೇ ವರ್ಷ ಆಗಸ್ಟಿನಲ್ಲಿ ಕರಿದ ಎಣ್ಣೆ ಕೊಂಡು ಜೈವಿಕ ಡೀಸೆಲ್ ಮಾಡುವ ಯೋಜನೆಯೂ ಹೊರಟಿತು. ದಿನಕ್ಕೆ 50 ಲೀಟರಿಗೆ ಮೇಲ್ಪಟ್ಟು ಎಣ್ಣೆ ಬಳಸುವವರು ಲೆಕ್ಕ ಇಡಬೇಕು. ಆದರೆ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯವನ ಬಾಣಲೆಯಲ್ಲಿ ಉಳಿಯುವುದು ಎರಡು ಲೀಟರ್. ಅದನ್ನು ಕೊಳ್ಳಲು ಬೆಂಗಳೂರಿನಿಂದ ಯಾರೂ ವ್ಯಾನು ಕಳಿಸುವುದಿಲ್ಲ. ಆತ ಚರಂಡಿಗೆ ಚೆಲ್ಲಬೇಕು, ಇಲ್ಲವೇ ನಾಳೆಯ ಬಜ್ಜಿಗೆ ಉಳಿಸಬೇಕು. ಉಳಿಸುವುದೇ ಹೆಚ್ಚು, ತಿನ್ನುವವನ ಎದೆಯುರಿಗೆ ಸಾಕ್ಷಿ ಬೇಕಿಲ್ಲ.

2025ರ ಆಗಸ್ಟಿನಲ್ಲಿ ಮೊದಲ ಚುನಾವಣೆ ಕಂಡ ವೇಮಗಲ್–ಕುರುಗಲ್ ಪಟ್ಟಣ ಪಂಚಾಯಿತಿ ಹೊಸದು. ಹಳೇ ಪಂಚಾಯಿತಿಗಳ ಸೋಮಾರಿತನ ಅದಕ್ಕಿನ್ನೂ ಅಂಟಿರಲಾರದು. ಬಸ್ ಸ್ಟ್ಯಾಂಡಿನ ಹತ್ತಿರ ಬೀಗ ಹಾಕಿದ ಒಂದು ಡ್ರಮ್ಮು, ಲೀಟರಿಗೆ ಇಷ್ಟೆಂದು ಒಂದು ದರ, ವಾರಕ್ಕೊಮ್ಮೆ ಖಾಲಿ ಮಾಡುವ ಗುತ್ತಿಗೆ. ಇದಕ್ಕೆ ವಿಧಾನಸೌಧದ ಫೈಲು ಬೇಕಿಲ್ಲ. ಹೊಂಗೆ ಬೀಜಕ್ಕೂ ಊರೂರಿನ ಹಾಲಿನ ಡೇರಿಗಳೇ ಇವೆ. ಬೆಳಿಗ್ಗೆ ಹಾಲು ಅಳೆಯುವ ತಕ್ಕಡಿಯ ಪಕ್ಕದಲ್ಲೇ ಬೀಜ ತೂಗಿ ಹಾಲಿನ ಬಿಲ್ಲಿನೊಂದಿಗೆ ದುಡ್ಡು ಕೊಡಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಡಿಪೋಗಳು 'ಇಷ್ಟು ಎಣ್ಣೆ ಕೊಂಡೇ ಕೊಳ್ಳುತ್ತೇವೆ' ಎಂದು ಬರೆದುಕೊಟ್ಟರೆ ಗಾಣ ಹಾಕುವವರು ತಾವಾಗಿ ಬರುತ್ತಾರೆ. ಡೀಸೆಲಿನ ದರಕ್ಕೆ ಕಟ್ಟುಬೀಳದ ಕನಿಷ್ಠ ಬೆಲೆಯನ್ನು ಮಾತ್ರ ಸರ್ಕಾರ ಗೊತ್ತು ಮಾಡಬೇಕು. ಲೀಟರ್ ಜೋಳದ ಎಥೆನಾಲಿಗೆ 71 ರೂಪಾಯಿ 86 ಪೈಸೆ ಗೊತ್ತು ಮಾಡಲು ಸಾಧ್ಯವಾದವರಿಗೆ ಇದೇನೂ ಕಷ್ಟವಲ್ಲ.

ಇತ್ತ ಪೆಟ್ರೋಲ್ ಬಂಕಿನಲ್ಲಿ ಪಂಪಿನ ಮೇಲೆ ಕಾಣುವಂತೆ ಕನ್ನಡದಲ್ಲಿ ಎಷ್ಟು ಪಾಲು ಎಥೆನಾಲ್ ಎಂದು ಬರೆಯಲಿ. ಹಳೇ ಗಾಡಿಗಳಿಗೆ 10 ಪಾಲಿನ ಒಂದು ಪಂಪಾದರೂ ತಾಲ್ಲೂಕಿಗೆ ಒಂದೆರಡು ಕಡೆ ಇರಲಿ. ಅದಾಗದಿದ್ದರೆ ಮೈಲೇಜಿನಲ್ಲಿ ಕಳೆದದ್ದನ್ನು ಬೆಲೆಯಲ್ಲಿ ಇಳಿಸಲಿ. ಜಿಲ್ಲೆಯ ಸಂಸದರು, ಶಾಸಕರು ಇದನ್ನು ಸದನದಲ್ಲಿ ಕೇಳಲು ಎಣ್ಣೆ ಕಂಪನಿಗಳ ಅನುಮತಿ ಬೇಕಾಗಿಲ್ಲ.

ಬೇಸಿಗೆ ಹತ್ತಿರ ಬಂದಂತೆ ಹೊಂಗೆ ಕಾಯಿ ಉದುರಲು ಶುರುವಾಗುತ್ತದೆ. ಹೋದ ವರ್ಷ ಬಿದ್ದದ್ದು ಏರಿ ಮೇಲೆ ಲಾರಿ ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. ಈ ಸಲ ಆರಿಸಬೇಕೆಂದಿದ್ದರೆ ತಕ್ಕಡಿ ಎಲ್ಲಿ ಇಡುವುದೆಂದು ಈಗಲೇ ತೀರ್ಮಾನವಾಗಬೇಕು.