ಒಂಟಿ ಕವಿಯ ಜೊತೆಗಿದ್ದವರು

ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ ಪದ್ಯ ನಿಮಗೂ ನೆನಪಿರಬಹುದು. ಹೂವನ್ನೇ ಕಾಣದ ನಾವು ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆವು. ಒಬ್ಬನೇ ಅಲೆಯುವ ಕವಿಗೆ ನೀರಿನ ದಂಡೆಯಲ್ಲಿ ಹಳದಿ ಹೂಗಳ ಸಾಲು ಕಾಣುತ್ತದೆ. ಮುಂದೆಂದೋ ಮನೆಯಲ್ಲಿ ಸುಮ್ಮನೆ ಒರಗಿದಾಗ ಅವು ನೆನಪಾಗಿ ಮನಸ್ಸು ಅರಳುತ್ತದೆ. ಇಷ್ಟೇ.

ಆದರೆ ಅವತ್ತು ಕವಿ ಒಬ್ಬನೇ ಇರಲಿಲ್ಲ, ಗೊತ್ತಾ?

1802ರ ಏಪ್ರಿಲ್ 15. ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ಪಕ್ಕ ಜೋರು ಗಾಳಿ. ನಡೆಯುತ್ತಿದ್ದವರು ಇಬ್ಬರು, ವಿಲಿಯಂ ಮತ್ತು ತಂಗಿ ಡೊರೊಥಿ. ಕೆಲವು ಹೂಗಳು ದಣಿದವರಂತೆ ಕಲ್ಲಿಗೆ ತಲೆಯಾನಿಸಿದ್ದನ್ನು, ಮಿಕ್ಕವು ಗಾಳಿಗೆ ಕುಣಿದದ್ದನ್ನು ಡೊರೊಥಿ ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣ ಪದ್ಯ ಬರೆದದ್ದು ಸುಮಾರು ಎರಡು ವರ್ಷ ಕಳೆದ ಮೇಲೆ; ಅಚ್ಚಾದದ್ದು 1807ರಲ್ಲಿ. ಅಲ್ಲೂ ಹೂಗಳು ಕುಣಿಯುತ್ತವೆ. ತಂಗಿ ಮಾತ್ರ ಇಲ್ಲ. ಇನ್ನೊಂದು ಸಂಗತಿ ಕೇಳಿ: ಒಳಗಣ್ಣಿನ ಬಗ್ಗೆ ಬರುವ ಎರಡು ಸಾಲು ಹೆಂಡತಿ ಮೇರಿಯದು. ಪದ್ಯದಲ್ಲಿ ಅವೇ ಅತ್ಯುತ್ತಮ ಎಂದು ಕವಿಯೇ ಒಪ್ಪಿಕೊಂಡಿದ್ದಾನೆ.

ಹಾಗಾದ್ರೆ ಕವಿ ಸುಳ್ಳು ಹೇಳಿದನಾ? ನನಗೆ ಹಾಗನ್ನಿಸೋಲ್ಲ. ಉಕ್ಕಿದ ಭಾವವನ್ನು ಮುಂದೆ ಶಾಂತವಾಗಿ ಕೂತು ನೆನೆದಾಗ ಕವಿತೆ ಹುಟ್ಟುತ್ತದೆ ಅನ್ನೋದು ಅವನ ನಂಬಿಕೆ. ನೆನೆಯೋಕೆ ಏಕಾಂತ ಬೇಕು. ಆದರೆ ನೆನೆಯಲು ಏನಾದರೂ ಉಳಿಯಬೇಕಲ್ಲ? ಅದನ್ನು ಉಳಿಸಿಕೊಡಲು ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣುಗಳಿದ್ದವು. ತಂಗಿಯ ಹೆಸರು ಬಿಟ್ಟುಹೋದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಪದ್ಯ ಓದಿದವರೆಲ್ಲ ಒಂಟಿ ಕವಿಯನ್ನಷ್ಟೇ ನೆನಪಿಟ್ಟುಕೊಂಡರು.

ಒಂಟಿತನ ಬೇರೆ, ಏಕಾಂತ ಬೇರೆ. ಊರು ಬಿಟ್ಟು ಪಿಜಿ ರೂಮಿನಲ್ಲಿರುವ ನಮಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತೆ. ಕುದುರೆಮುಖ ಹತ್ತಿದ ದಿನದ ಇನ್ನೂರು ಫೋಟೋ ನನ್ನ ಫೋನಿನಲ್ಲಿವೆ, ತೆರೆದು ನೋಡಿದ್ದು ಅಪರೂಪ. ಆದರೆ ಮಂಜು ಕವಿದಾಗ ಗೆಳತಿ ಹೇಳಿದ ಮಾತು ಮರೆತಿಲ್ಲ: "ಬೆಟ್ಟ ಕಂಬಳಿ ಹೊದ್ಕೊಂಡು ಮಲಗಿದೆ ನೋಡೇ." ಆಫೀಸಿನಲ್ಲಿ ತಲೆ ಕೆಟ್ಟ ದಿನ ರಾತ್ರಿ ಕಣ್ಣು ಮುಚ್ಚಿದರೆ ನನಗೆ ಕಾಣೋದು ಆ ಕಂಬಳಿ ಹೊದ್ದ ಬೆಟ್ಟ. ಅದನ್ನು ನನಗೆ ಕೊಟ್ಟವಳು ಅವಳು.

ನಿಮಗೂ ಅಂಥದ್ದೊಂದು ಮಳೆ, ಮರ, ಸಂಜೆ ಇದ್ದೇ ಇರುತ್ತೆ. "ಅಲ್ನೋಡು" ಅಂತ ಅದನ್ನು ಮೊದಲು ತೋರಿಸಿದ್ದು ಯಾರು? ಹೆಸರು ನೆನಪಾದರೆ ಇವತ್ತೇ ಅವರಿಗೊಂದು ಮೆಸೇಜ್ ಹಾಕಿ.